ಸೋಮೇಶ್ವರನನ್ನು ಯಾರೂ ಕೇಳಲಿಲ್ಲ

ವೆಂಕಟಗಿರಿಗೆ ಮೂವತ್ತೊಂದು ವರ್ಷ ಸಂಬಳ ಬಂದದ್ದೇ ಅನುಮಾನಪಡುವುದಕ್ಕೆ. ಆಸ್ಟಿನ್ನಿನ ಒಂದು ಚಿಪ್ ಕಂಪನಿಯಲ್ಲಿ ಬೇರೆಯವರು ವಿನ್ಯಾಸ ಮಾಡಿದ್ದನ್ನು ಜಾಲಾಡಿ, ಇಲ್ಲಿ ತಪ್ಪಿದೆ, ಅಲ್ಲಿ ತಪ್ಪಿದೆ ಎಂದು ಹಿಡಿದು ತೋರಿಸುವುದು ಅವನ ಕೆಲಸ. ವೆರಿಫಿಕೇಶನ್ ಎಂಜಿನಿಯರ್ ಎಂದು ಅದಕ್ಕೆ ಹೆಸರು. ವಿನ್ಯಾಸ ಮಾಡಿದವನು ಬಂದು ಎಲ್ಲ ಸರಿಯಾಗಿದೆ, ನಾನೇ ನೋಡಿದ್ದೇನೆ ಎಂದರೆ ಗಿರಿಯ ಎಡ ಹುಬ್ಬು ತಾನಾಗಿ ಮೇಲೇರುತ್ತಿತ್ತು. ಮಾಡಿದವನೇ ತನ್ನ ಕೆಲಸಕ್ಕೆ ಸಾಕ್ಷಿ ಹೇಳಿದರೆ ಅದು ಸಾಕ್ಷಿಯೇ ಅಲ್ಲ ಎಂಬುದು ಅವನ ಸಿದ್ಧಾಂತ.

ರಿಟೈರ್ ಆದ ಮೇಲೂ ಆ ಹುಬ್ಬು ಕೆಳಗಿಳಿಯಲಿಲ್ಲ. ಆಸ್ಟಿನ್ನಿನ ಪಕ್ಕದ ಟೇಲರ್ ಎಂಬ ಊರಿನ ಹತ್ತಿರದ ಮನೆಯಲ್ಲಿ ಪಕ್ಕದವನು ತನ್ನ ಹುಲ್ಲು ಕತ್ತರಿಸುವಾಗ ಇವನ ಅಂಗಳದ ಎರಡಡಿಯನ್ನೂ ಪುಕ್ಕಟೆ ಕತ್ತರಿಸಿಕೊಟ್ಟರೆ, ಇದರ ಹಿಂದೆ ಏನೋ ಇದೆ ಎಂದು ಟೇಪು ಹಿಡಿದು ಗಡಿ ಅಳೆದ. ಊಟಕ್ಕೆ ಬಂದವರು ಸಾರು ಚೆನ್ನಾಗಿದೆ ಎಂದರೆ ಇವರಿಗೆ ನಮ್ಮಿಂದ ಏನು ಆಗಬೇಕಿದೆ ಎಂದು ಯೋಚಿಸಿದ. ಮದುವೆಗೆ ಮೊದಲು ಕುಮುದಾಳ ಜಾತಕವನ್ನು ಮೂವರು ಜೋಯಿಸರಿಗೆ, ಒಬ್ಬರಿಗೆ ತೋರಿಸಿದ್ದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ತೋರಿಸಿದ್ದ. ಮೂವರೂ ಒಂದೇ ಮಾತು ಹೇಳಿದ್ದರಿಂದ, ಇವರು ಒಳಗೊಳಗೇ ಮಾತಾಡಿಕೊಂಡಿರಬಹುದೇ ಎಂದು ಒಂದು ವಾರ ಒದ್ದಾಡಿದ್ದ. ಮೈಸೂರಿನ ಹೆಣ್ಣು ಕುಮುದಾ ಇದನ್ನೆಲ್ಲ ಮೂವತ್ತಾರು ವರ್ಷ ನಗುತ್ತಲೇ ನಿಭಾಯಿಸಿದಳು.

ಇಂಥವನಿಗೆ ಹೇಳಿ ಮಾಡಿಸಿದ ಒಂದು ಕೆಲಸ ಕನ್ನಡ ಸಂಘದಲ್ಲಿ ಸಿಕ್ಕಿತ್ತು. ಇಪ್ಪತ್ತೆರಡು ವರ್ಷದಿಂದ ಪ್ರತಿ ರಾಜ್ಯೋತ್ಸವದ ನಾಟಕಕ್ಕೂ ಅವನೇ ಪ್ರಾಂಪ್ಟರ್. ಎಡಗಡೆಯ ಪರದೆಯ ಸಂದಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಇಡೀ ನಾಟಕದ ಪ್ರತಿ ಇಟ್ಟುಕೊಂಡು, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ನಟರು ಮಾತು ಮರೆತರೆ ಸಂದಿನಿಂದ ಎತ್ತಿಕೊಡಬೇಕು. ಮರೆತೇ ಮರೆಯುತ್ತಾರೆ ಎಂಬ ಭರವಸೆ ಇದ್ದವನು ಮಾತ್ರ ಅಲ್ಲಿ ಎಚ್ಚರವಾಗಿ ಕೂರಬಲ್ಲ. ರಂಗದ ಮೇಲೆ ಅವನು ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ, ಕಾಣಿಸಿಕೊಳ್ಳುವ ಆಸೆಯೂ ಇರಲಿಲ್ಲ.

ಈ ವರ್ಷ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಸಂಘಗಳು ಸೇರಿ ಒಂದೇ ನಾಟಕ ಮಾಡುವುದೆಂದು ತೀರ್ಮಾನವಾಯಿತು. ಬರೆಯಲು ಯಾರೂ ಮುಂದೆ ಬರದಿದ್ದಾಗ ಗಿರಿ ತಾನೇ ಬರೆಯುತ್ತೇನೆಂದ. ಕಲ್ಯಾಣದ ಚಾಲುಕ್ಯರ ಮನೆಯ ಕಥೆ ಅವನ ತಲೆಯಲ್ಲಿ ಬಹಳ ವರ್ಷದಿಂದ ಕೊರೆಯುತ್ತಿತ್ತು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ದೊಡ್ಡ ರಾಜ ಒಂದನೆಯ ಸೋಮೇಶ್ವರನಿಗೆ ಮೂವರು ಮಕ್ಕಳು: ಹಿರಿಯ ಇಮ್ಮಡಿ ಸೋಮೇಶ್ವರ, ನಡುವಿನವನು ವಿಕ್ರಮಾದಿತ್ಯ, ಕಿರಿಯ ಜಯಸಿಂಹ. ರಾಜ ವಾಸಿಯಾಗದ ಕಾಯಿಲೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಆಗ ವಿಕ್ರಮಾದಿತ್ಯ ದೂರದಲ್ಲಿ ದಂಡಯಾತ್ರೆಯಲ್ಲಿದ್ದ, ಸುದ್ದಿ ತಲುಪಿದ್ದು ಆಮೇಲೆ. ಹಿರಿಯನಿಗೆ ಪಟ್ಟವಾಯಿತು. ಎಂಟು ವರ್ಷ ಕಳೆಯುವುದರೊಳಗೆ ವಿಕ್ರಮಾದಿತ್ಯ ಸೈನ್ಯ ಕಟ್ಟಿಕೊಂಡು ಬಂದು ಅಣ್ಣನನ್ನು ಸೋಲಿಸಿ ಸೆರೆಗೆ ಹಾಕಿದ. ತನ್ನ ಹೆಸರಿನಲ್ಲೇ ಹೊಸ ಶಕೆ ಶುರುಮಾಡಿ ಐವತ್ತು ವರ್ಷ ಆಳಿದ. ಅವನ ಆಳ್ವಿಕೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಅಣ್ಣ ಕೆಟ್ಟವನು, ಮದ ತಲೆಗೇರಿದವನು, ತಮ್ಮನನ್ನು ಕೊಲ್ಲಲು ಹೊಂಚಿದವನು ಎಂದು ವಿವರವಾಗಿ ಬರೆದಿಟ್ಟವನು ಯಾರು? ಗೆದ್ದ ತಮ್ಮನ ಆಸ್ಥಾನಕವಿ.

ಗಿರಿಯ ಹುಬ್ಬು ಏರಿದ್ದು ಇಲ್ಲಿ. ಮಾಡಿದವನೇ ಸಾಕ್ಷಿ. ಸೆರೆಯಲ್ಲಿದ್ದ ಸೋಮೇಶ್ವರನನ್ನು ಹೋಗಿ ಕೇಳಿದವರುಂಟೇ? ಅವನು ಆಮೇಲೆ ಏನಾದನೆಂಬುದಕ್ಕೂ ಸರಿಯಾದ ಲೆಕ್ಕವಿಲ್ಲ. ಹೀಗಾಗಿ ಗಿರಿ ಕೊನೆಯ ದೃಶ್ಯವೊಂದನ್ನು ಪೂರ್ತಿ ಕಲ್ಪಿಸಿ ಬರೆದ. ಯಾವ ಶಾಸನದಲ್ಲೂ ಅದಿಲ್ಲ. ಗೆದ್ದ ತಮ್ಮ ಸೆರೆಮನೆಗೆ ಬರುತ್ತಾನೆ. ಅಪ್ಪ ಹೋದ ಸುದ್ದಿಯನ್ನು ನೀನು ಬೇಕೆಂದೇ ನನಗೆ ಮುಚ್ಚಿಟ್ಟೆ ಎಂದು ಆಪಾದಿಸುತ್ತಾನೆ. ಆಗ ಸೋಮೇಶ್ವರ ಎದ್ದು ನಿಂತು ಹೇಳುತ್ತಾನೆ: “ಸೈನ್ಯ ಕಟ್ಟಿಕೊಂಡು ಬಂದೆಯಲ್ಲ ತಮ್ಮಾ. ಒಮ್ಮೆ ಬರಿಗೈಯಲ್ಲಿ ಬಂದು ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳಲೇ ಇಲ್ಲ.”

ಗಿರಿ ಕೈಯಲ್ಲಿ ಬರೆಯುತ್ತಿದ್ದ, ಕುಮುದಾ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಈ ಮಾತಿಗೆ ಬಂದಾಗ ಅವಳು ಕನ್ನಡಕ ತೆಗೆದಿಟ್ಟು ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಗಿರಿ ಅದನ್ನು ಗಮನಿಸಿದ, ಆದರೆ ದೃಶ್ಯ ಅಷ್ಟು ಚೆನ್ನಾಗಿ ಬಂದಿದೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಇಲ್ಲಿ ಗಿರಿಯ ಸ್ವಂತ ಅಣ್ಣನ ವಿಷಯ ಹೇಳಲೇಬೇಕು. ಮಹಾಬಲೇಶ್ವರ, ಅವನಿಗಿಂತ ಆರು ವರ್ಷ ದೊಡ್ಡವನು. ಹ್ಯೂಸ್ಟನ್ನಿನಲ್ಲಿ ಮೂರು ಗಂಟೆ ದಾರಿಯಲ್ಲಿ ಇದ್ದಾನೆ. ಅಣ್ಣತಮ್ಮಂದಿರಿಗೆ ಮಾತು ನಿಂತು ಹನ್ನೊಂದು ವರ್ಷವಾಯಿತು.

ಆ ವರ್ಷ ಗಿರಿಯ ಎಡಗಣ್ಣಿನ ಒಳಪದರ ರೆಟಿನಾ ಕಿತ್ತುಕೊಂಡು ಆಪರೇಶನ್ ಆಗಿತ್ತು. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆ ತುಂಬಿದ್ದರು. ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಮಲಗಿರಬೇಕು, ಗುಳ್ಳೆ ಕರಗುವ ತನಕ ವಿಮಾನ ಹತ್ತುವ ಹಾಗಿಲ್ಲ, ಹತ್ತಿದರೆ ಕಣ್ಣು ಹೋದ ಹಾಗೆಯೇ. ಮೈಸೂರಿನಲ್ಲಿ ಚಿಕ್ಕಮ್ಮನ ಜೊತೆಗಿದ್ದ ಅಮ್ಮ ಗಾಬರಿಯಾಗುತ್ತಾಳೆಂದು, ಈ ವಿಷಯ ಮನೆಯವರಲ್ಲಿ ಯಾರಿಗೂ ಹೇಳಕೂಡದೆಂದು ಗಿರಿ ಕುಮುದಾಳಿಗೆ ಕಟ್ಟಪ್ಪಣೆ ಮಾಡಿದ್ದ. ಅಣ್ಣನಿಗೂ ಹೇಳಕೂಡದು. ಹಾಗೆ ಮಲಗಿದ್ದಾಗಲೇ ಒಂದು ಸೋಮವಾರ ಅಣ್ಣ ಮೈಸೂರಿನಿಂದ ಫೋನ್ ಮಾಡಿ, ಅಮ್ಮ ನಿನ್ನೆ ಹೋದಳು, ದಹನವೂ ಮುಗಿಯಿತು ಎಂದ. ಮುಖ ದಿಂಬಿಗೆ ಒತ್ತಿಕೊಂಡೇ ಗಿರಿ ಅದನ್ನು ಕೇಳಿದ. ಮರುದಿನ ಚಿಕ್ಕಮ್ಮ ಫೋನಿನಲ್ಲಿ ಬಾಯಿ ತಪ್ಪಿ, ಅಕ್ಕ ಬಿದ್ದದ್ದು ಬುಧವಾರವೇ ಕಣಪ್ಪ ಎಂದುಬಿಟ್ಟರು.

ಬುಧವಾರ ಬಿದ್ದಿದ್ದಾಳೆ. ಅಣ್ಣ ಹ್ಯೂಸ್ಟನ್ನಿನಿಂದ ವಿಮಾನ ಹತ್ತಿ ಹೋಗಿ ತಲುಪಿದ್ದಾನೆ. ನಾಲ್ಕು ದಿನ ತಮ್ಮನಿಗೆ ಒಂದು ಮಾತಿಲ್ಲ. ಗಿರಿ ಇದನ್ನು ಚಿಪ್ ಪರೀಕ್ಷಿಸುವ ಹಾಗೆ ಪರೀಕ್ಷಿಸಿದ. ಕಣ್ಣಿನ ವಿಷಯ ಅಣ್ಣನಿಗೆ ಗೊತ್ತೇ ಇಲ್ಲ, ಆದ್ದರಿಂದ ಅದು ಕಾರಣವಲ್ಲ. ಉಳಿಯುವುದು ಒಂದೇ: ಚಿತೆಯ ಮುಂದೆ ಮಗ ಎಂದು ತಾನೊಬ್ಬನೇ ನಿಲ್ಲಬೇಕೆಂಬ ಆಸೆ. ಚಿಕ್ಕಂದಿನಿಂದ ಎಲ್ಲದಕ್ಕೂ ಮುಂದೆ ನಿಂತವನು, ಶಾಲೆಯ ಪ್ರತಿ ನಾಟಕದಲ್ಲಿ ರಾಜನಾದವನು, ಇಲ್ಲೂ ಹಾಗೇ ಮಾಡಿದ. ಫೋನ್ ಮಾಡಿ ಬೇಕಂತಲೇ ಮುಚ್ಚಿಟ್ಟೆ ಎಂದು ಕೂಗಾಡಿದ. ಅಣ್ಣ, ನನಗೆ ಹಾಗೆ ಮಾಡೋದೇ ಸರಿ ಅನ್ನಿಸ್ತು ಗಿರಿ ಎಂದಷ್ಟೇ ಹೇಳಿದ. ಗಿರಿ ಫೋನ್ ಇಟ್ಟ. ಅಣ್ಣನ ನಂಬರನ್ನು ಬ್ಲಾಕ್ ಮಾಡಿದ. ಮತ್ತೆ ಎಂದೂ ಮಾತಾಡಲಿಲ್ಲ. ಅಮ್ಮನ ಕೊನೆಯ ನಾಲ್ಕು ದಿನ ಹೇಗಿದ್ದವೆಂದು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ ಮತ್ತೆ ಬಾಯಿ ಬಿಡಲಿಲ್ಲ, ಹೇಳಬಲ್ಲವನು ಅಣ್ಣನೊಬ್ಬನೇ. ಈ ಒಂದು ವಿಷಯ ಹೊಟ್ಟೆಯಲ್ಲಿ ಹುಣ್ಣಿನ ಹಾಗೆ ಇತ್ತು.

ನಾಟಕಕ್ಕೆ ಬರೋಣ. ಮೂರು ಊರಿಗೆ ಮೂವರು ಅಣ್ಣತಮ್ಮಂದಿರನ್ನು ಹಂಚಲಾಯಿತು. ಡಾಲಸ್ಸಿಗೆ ವಿಕ್ರಮಾದಿತ್ಯ, ಹ್ಯೂಸ್ಟನ್ನಿಗೆ ಸೋಮೇಶ್ವರ, ಆಸ್ಟಿನ್ನಿಗೆ ಜಯಸಿಂಹ. ಅವರವರ ಊರಿನಲ್ಲಿ ಅವರವರ ರಿಹರ್ಸಲ್, ಎಲ್ಲರೂ ಒಟ್ಟಿಗೆ ಸೇರುವುದು ನಾಟಕದ ದಿನವೇ. ಇಡೀ ಪ್ರತಿಯನ್ನು ಯಾರಿಗೂ ಕೊಡುವುದಿಲ್ಲ, ಪ್ರತಿ ಊರಿಗೆ ಅವರ ರಾಜನ ಮಾತು ಮತ್ತು ಅದರ ಹಿಂದಿನ ಒಂದು ಸಾಲು ಮಾತ್ರ ಎಂದು ಗಿರಿ ನಿಯಮ ಮಾಡಿದ. ಇದಕ್ಕೆ ಕಾರಣವಿತ್ತು. ಹಿಂದೊಮ್ಮೆ ಇಡೀ ಪ್ರತಿ ಕೊಟ್ಟಾಗ ಪ್ರತಿಯೊಂದು ಊರೂ ತನ್ನ ವೀರನಿಗೆ ಮಾತು ಸೇರಿಸಿ ಸೇರಿಸಿ, ಸಭಾಂಗಣದ ಬಾಡಿಗೆ ಅವಧಿ ಮುಗಿದರೂ ಯುದ್ಧ ಶುರುವಾಗಿರಲಿಲ್ಲ.

ಈ ನಿಯಮದಿಂದ ಕಲ್ಯಾಣದ ಅರಮನೆಯಲ್ಲಿದ್ದ ಅನುಮಾನವೆಲ್ಲ ಟೆಕ್ಸಸ್ಸಿಗೆ ಇಳಿದು ಬಂತು. ಡಾಲಸ್ ಬಳಿಯ ಫ್ರಿಸ್ಕೋದ ದುಷ್ಯಂತ್, ವಿಕ್ರಮಾದಿತ್ಯನ ಪಾತ್ರದವನು, ಫೋನ್ ಮಾಡಿ ಹ್ಯೂಸ್ಟನ್ನಿನವರಿಗೆ ಎಷ್ಟು ಪುಟ ಇದೆ ಅಂಕಲ್ ಎಂದು ಸುಮ್ಮನೆ ಕೇಳುವವನಂತೆ ಕೇಳಿದ. ಆಸ್ಟಿನ್ನಿನವರು ಜಯಸಿಂಹನಿಗೂ ಒಂದು ಕುದುರೆ ಪ್ರವೇಶ ಬೇಕೆಂದರು. ಗಿರಿಗೆ ಇದೆಲ್ಲ ಹಬ್ಬ. ಒಬ್ಬರನ್ನೂ ನಂಬದೆ, ಒಬ್ಬರಿಗೂ ಉತ್ತರ ಕೊಡದೆ, ಕಳಿಸುವ ದಿನದವರೆಗೆ ಮೂರು ಪ್ರತಿಗಳನ್ನೂ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಆಗಲೇ ಕುಮುದಾಳ ಮೇಲೂ ಅವನ ಕಣ್ಣು ಬಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಬಟ್ಟೆ ಒಣಗಿಸುವ ಮಿಷನ್ ಹಾಕುತ್ತಿದ್ದಳು. ಆ ಕೋಣೆಯ ಬಾಗಿಲು ಮುಚ್ಚಿಕೊಂಡು, ಮಿಷನ್ನಿನ ಗದ್ದಲದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಎರಡು ಟವೆಲ್ಲಿಗೆ ಮುಕ್ಕಾಲು ಗಂಟೆ ಮಿಷನ್ ಯಾಕೆ? ಗಿರಿ ಬಾಗಿಲಿಗೆ ಕಿವಿ ಕೊಟ್ಟ. ಸೋಮೇಶ್ವರ ಎಂಬ ಹೆಸರು ಎರಡು ಸಲ ಕೇಳಿಸಿತು. ಯಾರ ಹತ್ತಿರ ಮಾತಾಡ್ತಿದ್ದೆ ಎಂದು ಕೇಳಿದರೆ, ಡಾಲಸ್ ಪಕ್ಕದ ಫ್ಲವರ್ ಮೌಂಡಿನ ಗೆಳತಿ ಎಂದಳು.

ಹ್ಯೂಸ್ಟನ್ನಿಗೆ ನಾಟಕ ಸೋರುತ್ತಿದೆ ಎಂದು ಗಿರಿ ಖಾತ್ರಿ ಮಾಡಿಕೊಂಡ. ಹಿಡಿಯಲು ಒಂದು ಉಪಾಯ ಹೂಡಿದ. ಸೆರೆಮನೆಯ ದೃಶ್ಯದಲ್ಲಿ ಸೋಮೇಶ್ವರ ಕಿಟಕಿಗೆ ಬರುವ ಒಂದು ಹಕ್ಕಿಯ ಬಗ್ಗೆ ಹೇಳುತ್ತಾನೆ. ಕುಮುದಾ ಟೈಪ್ ಮಾಡಿದ ಮನೆಯ ಪ್ರತಿಯಲ್ಲಿ ಅದು ಗುಬ್ಬಿ. ಹ್ಯೂಸ್ಟನ್ನಿಗೆ ಕಳಿಸುವ ಪ್ರತಿಯಲ್ಲಿ ಅವಳಿಗೆ ಹೇಳದೆ ಅದನ್ನು ಪಾರಿವಾಳ ಮಾಡಿದ. ರಂಗದ ಮೇಲೆ ಪಾರಿವಾಳ ಬಂದರೆ ಸರಿ, ಗುಬ್ಬಿ ಬಂದರೆ ಅದು ತನ್ನ ಮನೆಯಿಂದಲೇ ಹಾರಿಹೋದದ್ದು.

ನಾಟಕಕ್ಕೆ ಹತ್ತು ದಿನವಿರುವಾಗ ಊಟದ ಸಮಿತಿಯವರು ಬಾಕ್ಸುಗಳ ಪಟ್ಟಿ ಕಳಿಸಿದರು. ಅಂಥದ್ದನ್ನೂ ಮೊದಲಿನಿಂದ ಕೊನೆಯವರೆಗೆ ಓದುವವನು ಗಿರಿ ಒಬ್ಬನೇ. ಹದಿನೇಳನೆಯ ಸಾಲಿನಲ್ಲಿ ಹೀಗಿತ್ತು: ಹ್ಯೂಸ್ಟನ್, ಸೋಮೇಶ್ವರ ಪಾತ್ರಧಾರಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಒಂದು. ಗಿರಿ ಕುರ್ಚಿಯಲ್ಲಿ ನೆಟ್ಟಗೆ ಕೂತ. ಸೋಮೇಶ್ವರನ ಪಾತ್ರ ಮಾಡಬೇಕಿದ್ದವರು ಹ್ಯೂಸ್ಟನ್ ಸಂಘದ ಮಹಾಂತಪ್ಪ. ಕಲಬುರಗಿ ಕಡೆಯವರು, ಮೂರು ಅಂಗಡಿ ನಡೆಸುವ ಖುಷಿಯ ಮನುಷ್ಯ. ಹೋದ ವರ್ಷದ ಪಿಕ್ನಿಕ್ಕಿನಲ್ಲಿ ಬೆಳ್ಳುಳ್ಳಿ ಚಟ್ನಿಯ ಡಬ್ಬಿಯನ್ನೇ ಕಂಕುಳಲ್ಲಿಟ್ಟುಕೊಂಡು ಓಡಾಡಿದವರು.

ಫೋನ್ ಮಾಡಿದ. ಮಹಾಂತಪ್ಪ ಮೊಣಕಾಲು ಹಿಡಿದುಕೊಂಡಿದೆ, ಪಾತ್ರ ಬೇರೆಯವರಿಗೆ ಕೊಟ್ಟಿದ್ದೇನೆ ಎಂದರು. ಸೋಮೇಶ್ವರ ಸೆರೆಮನೆಯಲ್ಲಿ ಕೂತೇ ಇರುತ್ತಾನಲ್ಲ, ಮೊಣಕಾಲು ಏನು ಮಾಡಬೇಕು ಎಂದು ಗಿರಿ ಕೇಳಿದ.

“ಕೂತವ್ರು ಒಮ್ಮಿ ಏಳಬೇಕಲ್ರಿ ಸರ,” ಎಂದರು ಮಹಾಂತಪ್ಪ. “ಹಿರಿಯರೊಬ್ಬರು ಸಿಕ್ಕಾರ್ರಿ. ಒಂದ ವಾರದಾಗ ಎಲ್ಲಾ ಬಾಯಿಪಾಠ ಮಾಡ್ಯಾರ. ನೀವು ಕಾಳಜಿ ಮಾಡಬ್ಯಾಡ್ರಿ.”

ಹೆಸರು ಮಾತ್ರ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅಪ್ಪನ ವರ್ಷಾಂತಿಕ ಆದಾಗಿನಿಂದ ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿರುವ, ಒಂದು ವಾರದಲ್ಲಿ ನಾಟಕ ಬಾಯಿಪಾಠ ಮಾಡುವ ಹ್ಯೂಸ್ಟನ್ನಿನ ಹಿರಿಯ ಯಾರೆಂದು ಗಿರಿಗೆ ಗೊತ್ತಿತ್ತು. ಅಣ್ಣ ತನ್ನ ನಾಟಕದೊಳಕ್ಕೆ ನುಗ್ಗುತ್ತಿದ್ದಾನೆ. ಆರುನೂರು ಜನರ ಮುಂದೆ ಸೋಮೇಶ್ವರನ ಬಾಯಿಂದ ತನ್ನ ವಕಾಲತ್ತು ಮಾಡಿಕೊಳ್ಳುತ್ತಾನೆ. ಮತ್ತೆ ತಾನೇ ಮುಂದೆ ನಿಲ್ಲುತ್ತಾನೆ.

ಕುಮುದಾಳಿಗೆ ಒಂದು ಮಾತೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ನಾಟಕದ ಶನಿವಾರ ಬೆಳಿಗ್ಗೆ ಹೈವೇ ಹಿಡಿದು ಉತ್ತರಕ್ಕೆ ಮೂರು ಗಂಟೆ ಡ್ರೈವ್ ಮಾಡುವಾಗ ಇಬ್ಬರೂ ಹಳೆಯ ಭಾವಗೀತೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಅರ್ಧ ದಾರಿಯ ವೇಕೋ ಊರು ದಾಟಿದ ಮೇಲೆ ಅವಳು, “ರೀ, ಇವತ್ತು ಏನೇ ಆದ್ರೂ ಮಧ್ಯ ಎದ್ದು ಹೋಗ್ಬೇಡಿ,” ಎಂದಳು. ಏನಾಗುತ್ತೆ ಎಂದು ಕೇಳಿದ. ಏನಿಲ್ಲ, ನಿಮಗೆ ಸಿಟ್ಟು ಜಾಸ್ತಿ ಅಂತ ಹೇಳಿದೆ ಎಂದಳು.

ಫ್ಲವರ್ ಮೌಂಡಿನ ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ತೆಗೆದುಕೊಂಡಿದ್ದರು. ಗಿರಿ ಬಣ್ಣದ ಕೋಣೆಯ ಕಡೆ ಹೆಜ್ಜೆ ಇಡಲಿಲ್ಲ. ನೇರವಾಗಿ ಧ್ವನಿ ನೋಡಿಕೊಳ್ಳುವ ಸುಮುಖ್ ಹತ್ತಿರ ಹೋದ. ಅವನು ಡಾಲಸ್ಸಿನ ಸಾಫ್ಟ್‌ವೇರ್ ಹುಡುಗ, ರಂಗದ ಬಲಬದಿಯಲ್ಲಿ ಮೈಕುಗಳ ಪೆಟ್ಟಿಗೆಯ ಮುಂದೆ ಕೂರುತ್ತಾನೆ, ಗಿರಿಗೆ ನೇರ ಎದುರು. ಸೋಮೇಶ್ವರನ ಪಾತ್ರದವರು ಪ್ರತಿಯಲ್ಲಿಲ್ಲದ ಒಂದು ಮಾತು ಆಡಿದರೂ ನಾನು ಕೆಂಪು ಪೆನ್ನು ಎತ್ತುತ್ತೇನೆ, ತಕ್ಷಣ ಅವರ ಮೈಕು ಆಫ್ ಮಾಡು ಎಂದ. ಸುಮುಖ್ ಕಣ್ಣು ಪಿಳಿಪಿಳಿ ಬಿಟ್ಟು, ಓಕೆ ಅಂಕಲ್ ಎಂದ.

ನಾಟಕ ಶುರುವಾಯಿತು. ಮೊದಲ ಅಂಕದಲ್ಲಿ ಮುದಿ ರಾಜ ತುಂಗಭದ್ರೆಗೆ ಇಳಿದ. ನದಿಯ ದಡದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಹಿರಿಯ ಮಗ ಈ ಕಡೆ ತಿರುಗಿದ. ಹನ್ನೊಂದು ವರ್ಷದಲ್ಲಿ ಅಣ್ಣ ಕುಗ್ಗಿದ್ದ. ಭುಜಕೀರ್ತಿ ಭುಜದಿಂದ ಜಾರುತ್ತಿತ್ತು. ಕಂಠ ಮಾತ್ರ ಹಾಗೇ ಇತ್ತು. ಗಿರಿಗೆ ಸಿಟ್ಟು ಬರಬೇಕಾದ ಜಾಗದಲ್ಲಿ ಮೈಸೂರಿನ ಶಾಲೆಯ ಅಂಗಳ, ಮೊದಲ ಸಾಲಿನಲ್ಲಿ ಅಮ್ಮನ ಪಕ್ಕದಲ್ಲಿ ಕೂತು ಅಣ್ಣನನ್ನು ನೋಡಿದ್ದು ನೆನಪಾಯಿತು. ಅದನ್ನು ಬದಿಗೆ ತಳ್ಳಿ ಪ್ರತಿಯ ಮೇಲೆ ಬೆರಳಿಟ್ಟ. ಎರಡು ಅಂಕ ಅಣ್ಣ ಒಂದಕ್ಷರ ಆಚೀಚೆ ಮಾಡಲಿಲ್ಲ. ದುಷ್ಯಂತ್ ನಾಲ್ಕು ಸಲ ಮರೆತ, ಜಯಸಿಂಹ ಎರಡು ಸಲ. ಗಿರಿ ಎತ್ತಿಕೊಟ್ಟ.

ಕೊನೆಯ ದೃಶ್ಯ ಬಂತು. ಸೆರೆಮನೆಯ ರಟ್ಟಿನ ಸರಳುಗಳ ಹಿಂದೆ ಅಣ್ಣ ನೆಲದ ಮೇಲೆ ಕೂತಿದ್ದ, ಸಂದಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಕಿಟಕಿಯ ಕಡೆ ನೋಡಿ, ನನ್ನನ್ನು ವಿಚಾರಿಸಲು ಬರುವುದು ಈ ಗುಬ್ಬಿಯೊಂದೇ ಎಂದ.

ಗುಬ್ಬಿ. ಹಾಗಾದರೆ ಬಟ್ಟೆ ಒಣಗಿಸುವ ಮಿಷನ್ನಿನ ಗದ್ದಲದಲ್ಲಿ ಕುಮುದಾ ಮಾತಾಡುತ್ತಿದ್ದದ್ದು ಅಣ್ಣನ ಜೊತೆಗೇ. ಈ ದೃಶ್ಯವನ್ನು ಓದಿ ಹೇಳಿದ್ದು ಅವಳೇ. ಎಷ್ಟು ಭಾನುವಾರದಿಂದ? ಎಷ್ಟು ವರ್ಷದಿಂದ? ಗಿರಿಗೆ ರಂಗ ಮಸುಕಾಯಿತು. ಎದುರಿನಲ್ಲಿ ಸುಮುಖ್ ಇವನನ್ನೇ ನೋಡುತ್ತಿದ್ದ. ಹ್ಯೂಸ್ಟನ್ನಿನ ಪ್ರತಿಯಲ್ಲಿಲ್ಲದ ಮಾತು ಬಂದಾಗಿದೆ, ಪೆನ್ನು ಎತ್ತುವುದಷ್ಟೇ ಬಾಕಿ. ಗಿರಿ ಪೆನ್ನನ್ನು ತೊಡೆಯಿಂದ ಅರ್ಧಕ್ಕೆ ಎತ್ತಿದ.

ಅಷ್ಟರಲ್ಲಿ ದುಷ್ಯಂತ್, ಅಪ್ಪ ಹೋದ ಸುದ್ದಿ ಬೇಕೆಂದೇ ಮುಚ್ಚಿಟ್ಟೆಯಲ್ಲ ಅಣ್ಣಾ ಎಂದು ಗರ್ಜಿಸಿದ. ಅಣ್ಣ ಕಷ್ಟಪಟ್ಟು ಎದ್ದು ನಿಂತ. ಸರಳು ಹಿಡಿದುಕೊಂಡ. ಏನೂ ಮಾತಾಡಲಿಲ್ಲ.

ಒಂದು ಕ್ಷಣ, ಎರಡು ಕ್ಷಣ. ಸಭೆಯಲ್ಲಿ ಯಾರೋ ಕೆಮ್ಮಿದರು. ದುಷ್ಯಂತ್ ಕಣ್ಣಿನಲ್ಲೇ ಸಂದಿನ ಕಡೆ ಸನ್ನೆ ಮಾಡಿದ. ಅಣ್ಣ ಮಾತು ಮರೆತಿದ್ದಾನೆ. ಎತ್ತಿಕೊಡಬೇಕಾದವನು ಗಿರಿ.

ಅಣ್ಣ ಮಾತು ಮರೆಯುವುದೇ? ಎಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಮರೆತವನಲ್ಲ. ಅವನು ಸಭೆಯ ಕಡೆ ನೋಡುತ್ತಿರಲಿಲ್ಲ, ವಿಕ್ರಮಾದಿತ್ಯನ ಕಡೆಗೂ ನೋಡುತ್ತಿರಲಿಲ್ಲ. ಸರಳುಗಳ ನಡುವಿನಿಂದ ಸೀದಾ ಪರದೆಯ ಸಂದಿಗೆ ನೋಡುತ್ತಿದ್ದ. ಅವನಿಗೆ ಮಾತು ಗೊತ್ತಿದೆ ಎಂದು ಗಿರಿಗೆ ಅರ್ಥವಾಯಿತು. ಗೊತ್ತಿದ್ದೂ ಕಾಯುತ್ತಿದ್ದಾನೆ. ಆರುನೂರು ಜನರ ಎದುರು ಮರೆತವನೆಂಬ ಹೆಸರು ಹೊತ್ತು ನಿಂತಿದ್ದಾನೆ.

ಗಿರಿಯ ಬೆರಳು ಆ ಸಾಲಿನ ಮೇಲೆ ಇತ್ತು. ತಾನೇ ಬರೆದ ಸಾಲು. ಇಪ್ಪತ್ತೆರಡು ವರ್ಷದಲ್ಲಿ ಯಾವ ನಟನನ್ನೂ ಹೀಗೆ ಕಾಯಿಸಿರಲಿಲ್ಲ. ಪೆನ್ನನ್ನು ಕೆಳಗಿಟ್ಟು, ಮುಂದಕ್ಕೆ ಬಾಗಿ, ಹನ್ನೊಂದು ವರ್ಷದ ಮೇಲೆ ಅಣ್ಣನಿಗೆ ಮೊದಲ ಮಾತು ಹೇಳಿದ.

“ಒಮ್ಮೆ ಬರಿಗೈಯಲ್ಲಿ ಬಂದು ಕೇಳಿದ್ದರೆ ಹೇಳುತ್ತಿದ್ದೆ,” ಎಂದ. “ನೀನು ಕೇಳಲೇ ಇಲ್ಲ.”

ಅಣ್ಣ ತಲೆಯಾಡಿಸಿದ. ಆಮೇಲೆ ಸಭೆಯ ಕಡೆ ತಿರುಗಿ, ಸೈನ್ಯ ಕಟ್ಟಿಕೊಂಡು ಬಂದೆಯಲ್ಲ ತಮ್ಮಾ ಎಂಬಲ್ಲಿಂದ ಶುರುಮಾಡಿ ಇಡೀ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಗಿರಿ ಎತ್ತಿಕೊಡದಿದ್ದ ಮೊದಲ ಸಾಲೂ ಸೇರಿ.

ಚಪ್ಪಾಳೆ, ಹಾರ, ಮೂರು ಸಂಘಗಳ ಅಧ್ಯಕ್ಷರ ಭಾಷಣ ಎಲ್ಲ ನಡೆಯುತ್ತಿರುವಾಗ ಗಿರಿ ಬಣ್ಣದ ಕೋಣೆಗೆ ಹೋದ. ಅಣ್ಣ ಕಿರೀಟ ತೆಗೆದಿಟ್ಟು ಕನ್ನಡಿಯ ಮುಂದೆ ಕೂತಿದ್ದ. ಕುಮುದಾ ಬಾಗಿಲ ಹತ್ತಿರ ಪೇಪರ್ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದಳು. ಗಿರಿಯನ್ನು ಕಂಡು ಮಹಾಂತಪ್ಪ ತಮ್ಮ ಮೊಣಕಾಲು ನೋವನ್ನೇ ಮರೆತು ಸರಸರನೆ ಹೊರಗೆ ಹೋದರು.

ಗಿರಿ ಬರಿಗೈಯಲ್ಲಿ ಬಂದಿದ್ದ. ಪ್ರತಿಯನ್ನೂ ಪೆನ್ನನ್ನೂ ಕುರ್ಚಿಯ ಮೇಲೆ ಬಿಟ್ಟುಬಂದಿದ್ದ.

“ಯಾಕೆ ಹೇಳ್ಲಿಲ್ಲ ನಂಗೆ?” ಎಂದು ಕೇಳಿದ.

ಅಣ್ಣ ಕನ್ನಡಿಯಲ್ಲೇ ಅವನನ್ನು ನೋಡಿದ. ಒಮ್ಮೆ ಕುಮುದಾಳ ಕಡೆ ನೋಡಿ ಕಣ್ಣು ತೆಗೆದ. “ಹಳೇದು ಕಣೋ ಗಿರಿ. ಬಿಡು. ನಂದೇ ತಪ್ಪು,” ಎಂದ.

“ಭಾವ, ಸಾಕು,” ಎಂದಳು ಕುಮುದಾ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. “ನಾನು ಬೇಡ ಅಂದೆ ರೀ. ಬುಧವಾರನೇ ಭಾವ ನನ್ನ ಫೋನಿಗೆ ಮಾಡಿದ್ರು, ಗಿರಿಗೆ ಕೊಡು ಅಂದ್ರು. ನೀವು ಒಳಗೆ ಮುಖ ಕೆಳಗೆ ಮಾಡಿ ಮಲಗಿದ್ರಿ. ಕಣ್ಣಿನ ವಿಷಯ ಹೇಳಿದೆ. ಗೊತ್ತಾದ್ರೆ ಯಾರ ಮಾತೂ ಕೇಳ್ದೆ ವಿಮಾನ ಹತ್ತುತಾರೆ, ಕಣ್ಣು ಹೋಗುತ್ತೆ, ದಯವಿಟ್ಟು ಹೇಳ್ಬೇಡಿ ಅಂತ ಬೇಡ್ಕೊಂಡೆ. ಆಮೇಲೆ ನೀವು ಅವರ ಮೇಲೆ ಕೂಗಾಡಿದಾಗ ನಂಗೆ ಬಾಯಿ ಬರ್ಲಿಲ್ಲ. ನಾಳೆ ಹೇಳೋಣ ಅಂತ ಹನ್ನೊಂದು ವರ್ಷ ಆಯ್ತು. ಅವರೂ ನನ್ನ ಹೆಸರು ಹೇಳ್ಲಿಲ್ಲ.”

ಗಿರಿಗೆ ಅವಳ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ನಾಚಿಕೆಯಾಯಿತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಹಾಕಬೇಕೆಂದು ತಿಳಿಯದೆ ನಿಂತ. ಪಕ್ಕದವನ ಹುಲ್ಲಿನವರೆಗೆ ಎಲ್ಲವನ್ನೂ ಅಳೆದಿದ್ದ. ಅಣ್ಣನಿಗೆ ಕಣ್ಣಿನ ವಿಷಯ ಗೊತ್ತಿಲ್ಲ ಎಂಬ ಒಂದೇ ಒಂದನ್ನು ಅಳೆದು ನೋಡಿರಲಿಲ್ಲ. ತಾನು ಹೇಳಿದ್ದಕ್ಕೆ ತಾನೇ ಸಾಕ್ಷಿ ಎಂದುಕೊಂಡಿದ್ದ.

ಅಣ್ಣ ಹತ್ತಿಯಿಂದ ಕೆನ್ನೆಯ ಬಣ್ಣ ಒರೆಸಿಕೊಳ್ಳುತ್ತಿದ್ದ. ಒಣ ಹತ್ತಿಗೆ ಬಣ್ಣ ಬಿಡದೆ ಕಿವಿಯ ತನಕ ಹರಡುತ್ತಿತ್ತು. ಗಿರಿ ಹೋಗಿ ಅವನ ಕೈಯಿಂದ ಹತ್ತಿ ತೆಗೆದುಕೊಂಡ, ಬಟ್ಟಲಲ್ಲಿದ್ದ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ.

“ಅಮ್ಮ ನನ್ನ ಕೇಳಿದ್ಲಾ?”

“ಶುಕ್ರವಾರ ನಾನು ಹೋಗಿ ತಲುಪಿದಾಗ ಅವಳಿಗೆ ಮಾತು ನಿಂತುಹೋಗಿತ್ತು,” ಎಂದ ಅಣ್ಣ. “ನನ್ನ ಹಿಂದೆ ಬಾಗಿಲ ಕಡೆ ನೋಡಿದ್ಲು, ನೀನೂ ಬಂದಿದ್ದೀಯೇನೋ ಅಂತ. ಯಾಕೆ ಬಂದಿಲ್ಲ ಅಂತ ಹೇಳಿದೆ. ಅದಾದ್ಮೇಲೆ ಎಚ್ಚರ ಆದಾಗಲೆಲ್ಲ ತನ್ನ ಎಡಗಣ್ಣು ಮುಟ್ಟಿ ತೋರಿಸಿ, ಕೈ ಹೀಗೆ ಮಾಡೋಳು. ಹೇಗಿದೆ ಅಂತ. ವಾಸಿಯಾಗ್ತಿದೆ ಅಮ್ಮ ಅಂತಿದ್ದೆ. ಭಾನುವಾರದ ತನಕ ಅದೊಂದೇ ಕೇಳಿದ್ದು.”

ಹೊರಗೆ ಮೈಕಿನಲ್ಲಿ ಯಾರೋ ನಾಟಕದ ಕರ್ತೃ ವೆಂಕಟಗಿರಿಯವರು ಎಲ್ಲಿದ್ದರೂ ವೇದಿಕೆಗೆ ಬರಬೇಕು ಎಂದು ಕರೆಯುತ್ತಿದ್ದರು. ಗಿರಿ ಎಡಗಣ್ಣನ್ನು ತೋಳಿನಿಂದ ಒರೆಸಿಕೊಂಡ. ಕುರ್ಚಿ ಎಳೆದು ಅಣ್ಣನ ಎದುರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಕುಮುದಾಳಿಗೂ ಒಂದು ಕುರ್ಚಿಯನ್ನು ಕಾಲಿನಿಂದಲೇ ಸರಿಸಿದ.

“ಮೊದಲಿಂದ ಹೇಳಣ್ಣ,” ಎಂದ. “ಬುಧವಾರದಿಂದ.”